ಪ್ರೊಟಿಸ್ಟ ಜೀವಿಗಳು: ಅವುಗಳ ಮುಖ್ಯ ಪಂಗಡಗಳೂ ಬೇಸಾಯಕ್ಕೆ ಅವುಗಳ ಸಂಬಂಧವೂ

ಕೊಳೆರೋಗವೆಂಬ ಮಾತನ್ನು ಕೇಳದ ತೋಟಗಾರನು ಮಲೆನಾಡಿನಲ್ಲಿ ದೊರೆಯುವುದು ಕಷ್ಟ. ಮುಂಗಾರು ಮಳೆ ಹಿಡಿದು ಕೆಲವು ವಾರಗಳಾಗುವುದರೊಳಗೆ ಅಡಕೆಯ ಎಳೆಗಾಯಿಗಳು ತಮ್ಮ ಹೊಳಪನ್ನು ಕಳೆದುಕೊಂಡು, ತೊಟ್ಟಿನ ಬಳಿ ನೀರು ಕುಡಿದಂತೆ ಕಪ್ಪು ಹಸುರಾಗಿ, ಒಂದೊಂದಾಗಿ ಉದುರಲು ತೊಡಗುವುವು. ಕಾಫಿಯ ತೋಟಗಳಲ್ಲಿಯೂ ಇದೇ ಹೆಸರಿನ ರೋಗವೊಂದುಂಟು. ಅದು ಹಿಡಿದ ಎಲೆಗಳು ಕಪ್ಪಾಗಿ ಕೊಳೆತು, ರೆಂಬೆಯಿಂದ ಕಳಚಿಕೊಂಡ ಮೇಲೆಯೂ ಬೂಷ್ಟಿನ ಎಳೆಯಿಂದ ಜೋತುಬಿದ್ದಿರುವುವು. ಎರಡಕ್ಕೂ ಹೆಸರು ಒಂದು, ಕಾಲವೂ ಒಂದು. ಆದರೆ ಅವುಗಳಿಗೆ ಕಾರಣವಾದ ಜೀವಿಗಳು ಒಂದೇ ಕುಲಕ್ಕೆ ಸೇರಿದುವಲ್ಲ. ಕಾಫಿಯ ಕೊಳೆರೋಗಕ್ಕೆ ಕಾರಣವಾದುದು ನಿಜವಾದ ಬೂಷ್ಟು, ಅಂದರೆ ಶಿಲೀಂಧ್ರ. ಅಡಕೆಯ ಕೊಳೆರೋಗಕ್ಕೆ ಕಾರಣವಾದುದು ಬೂಷ್ಟಿನಂತೆ ಕಾಣುವ, ಆದರೆ ಬೂಷ್ಟಲ್ಲದ ಒಂದು ಜೀವಿ. ಅಣಬೆಗಳಿಗೆ ಅದು ದೂರದ ನೆಂಟ. ಸಮುದ್ರದ ಕಂದು ಪಾಚಿಗೆ ಹತ್ತಿರದ ದಾಯಾದಿ. ಇಂತಹ ಜೀವಿಗಳ ಗುಂಪಿಗೇ ಪ್ರೊಟಿಸ್ಟಗಳೆಂದು ಹೆಸರು.

ಕಣ್ಣಿಗೆ ಕಾಣದ ಜೀವಿಯ ಕುಲಗೋತ್ರಗಳಿಂದ ರೈತನಿಗೆ ಆಗಬೇಕಾದುದೇನು ಎಂದು ಕೇಳಬಹುದು. ಮದ್ದು ಕುಲವನ್ನು ನೋಡಿಯೇ ಕೆಲಸಮಾಡುತ್ತದೆ ಎಂಬುದು ಇದಕ್ಕೆ ಉತ್ತರ. ದ್ರಾಕ್ಷಿಯ ಬಳ್ಳಿಗೆ ಬೂದಿರೋಗವೂ ಬರುವುದುಂಟು, ಬೂಜುತುಪ್ಪಟ ರೋಗವೂ ಬರುವುದುಂಟು. ಎರಡೂ ಎಲೆಯ ಮೇಲೆ ಬಿಳಿಯಾಗಿಯೇ ಕಾಣುವುವು. ಬೂದಿರೋಗವು ನಿಜವಾದ ಬೂಷ್ಟಿನಿಂದ ಆಗತಕ್ಕದ್ದು. ಅದಕ್ಕೆ ಗಂಧಕದ ಪುಡಿ ಒಳ್ಳೆಯ ಮದ್ದು. ಬೂಜುತುಪ್ಪಟವನ್ನುಂಟುಮಾಡುವುದು ಪ್ರೊಟಿಸ್ಟ, ಅದರ ಮೇಲೆ ಎಷ್ಟು ಗಂಧಕವನ್ನು ಚೆಲ್ಲಿದರೂ ಹಣ ಹೋಗುವುದೇ ಹೊರತು ರೋಗವು ಹೋಗುವುದಿಲ್ಲ.

ಸಸ್ಯ, ಪ್ರಾಣಿ, ಬೂಷ್ಟು ಇವುಗಳ ಜೀವಕೋಶದೊಳಗೆ ಪೊರೆಯಿಂದ ಸುತ್ತುವರಿದ ಒಂದು ಕೋಶಕೇಂದ್ರವಿರುತ್ತದೆ. ಬ್ಯಾಕ್ಟೀರಿಯಗಳಲ್ಲಿ ಇದು ಇರುವುದಿಲ್ಲ. ಕೋಶಕೇಂದ್ರವನ್ನು ಪಡೆದಿದ್ದು, ಸಸ್ಯವೆಂದಾಗಲಿ ಪ್ರಾಣಿಯೆಂದಾಗಲಿ ಬೂಷ್ಟೆಂದಾಗಲಿ ಹೇಳಲು ಬಾರದೆ ಉಳಿದ ಜೀವಿಗಳೆಲ್ಲವೂ ಪ್ರೊಟಿಸ್ಟಗಳು. ಇವುಗಳಲ್ಲಿ ಬಹುಪಾಲಿಗೆ ದೇಹವೆಂದರೆ ಒಂದೇ ಒಂದು ಕೋಶ. ಉಣ್ಣುವುದು, ಚಲಿಸುವುದು, ಮಲವನ್ನು ಹೊರಹಾಕುವುದು, ಸಂತಾನವನ್ನು ಬೆಳೆಸುವುದು ಎಲ್ಲವೂ ಆ ಒಂದು ಕೋಶದೊಳಗೇ ನಡೆಯತಕ್ಕದ್ದು. ಹಾಲೆಂಡ್ ದೇಶದ ಬಟ್ಟೆ ವ್ಯಾಪಾರಿಯಾದ ಲೇವನ್‌ಹುಕ್ ಎಂಬಾತನು ತಾನೇ ಉಜ್ಜಿ ಮಾಡಿದ ಗಾಜಿನ ಮಣಿಯ ಮೂಲಕ 1674ರಲ್ಲಿ ಕೆರೆಯ ನೀರನ್ನು ನೋಡಿ, ಅದರಲ್ಲಿ ಓಡಾಡುವ ಇಂತಹ ಜೀವಿಗಳನ್ನು ಮೊದಲಿಗೆ ಕಂಡನು. 1866ರಲ್ಲಿ ಜರ್ಮನಿಯ ಹೆಕೆಲ್ ಎಂಬ ಪಂಡಿತನು ಇವುಗಳಿಗಾಗಿ ಪ್ರೊಟಿಸ್ಟ ಎಂಬ ಪ್ರತ್ಯೇಕ ರಾಜ್ಯವನ್ನು ಕಲ್ಪಿಸಿದನು. ಈ ರಾಜ್ಯವು ಒಂದೇ ವಂಶದ ಸಂತಾನವಲ್ಲವೆಂದು ಈಗ ಗೊತ್ತಾಗಿದೆ. ಬೇರೆಬೇರೆ ವಂಶಗಳಲ್ಲಿ ಎಲ್ಲಿಯೂ ಸೇರದೆ ಉಳಿದವರನ್ನು ಒಂದು ಛತ್ರದಲ್ಲಿ ಇಳಿಸಿದಂತೆ ಇದೆ. ಆದರೂ ವ್ಯವಹಾರಕ್ಕೆ ಅನುಕೂಲವಾದುದರಿಂದ ಹೆಸರು ಉಳಿದುಬಂದಿದೆ. ಅದೇ ಅನುಕೂಲಕ್ಕಾಗಿ ಇವುಗಳನ್ನು ಪ್ರಾಣಿಗಳಂತೆ ನಡೆದುಕೊಳ್ಳುವವು, ಸಸ್ಯಗಳಂತೆ ಬಿಸಿಲಿನಿಂದ ಆಹಾರವನ್ನು ಮಾಡಿಕೊಳ್ಳುವವು, ಬೂಷ್ಟಿನಂತೆ ಬೆಳೆಯುವವು ಎಂದು ಮೂರಾಗಿ ವಿಂಗಡಿಸುವ ವಾಡಿಕೆಯುಂಟು.

ಪ್ರಾಣಿಗಳನ್ನು ಹೋಲುವವುಗಳಿಗೆ ಪ್ರೋಟೋಜೋವ ಎಂದು ಹೆಸರು. ಇವು ಚಲಿಸುವ ಬಗೆಯನ್ನು ನೋಡಿ ಇವುಗಳನ್ನು ಗುರುತಿಸುತ್ತಿದ್ದರು. ಅಮೀಬವು ಎಣ್ಣೆಯ ಹನಿ ಹರಿಯುವಂತೆ ತನ್ನ ದೇಹವನ್ನೇ ಒಂದು ಕಡೆಗೆ ಚಾಚಿಕೊಂಡು ಮುಂದುವರಿಯುತ್ತದೆ. ಕೊಳದ ಕೆಸರಿನಲ್ಲಿರುವ ಅಮೀಬವು ನಿರುಪದ್ರವಿ. ಅದರ ಬಂಧುವೊಂದು ಮಾತ್ರ ಮನುಷ್ಯನ ಕರುಳನ್ನು ಸೇರಿ ಆಮಶಂಕೆಯನ್ನುಂಟುಮಾಡುವುದು. ಮೋರಿಯ ನೀರಿನಲ್ಲಿ ಬೆಳೆದ ಸೊಪ್ಪನ್ನು ಹಸಿಯಾಗಿ ತಿನ್ನಬಾರದೆಂಬ ಮಾತಿಗೆ ಇದೂ ಒಂದು ಕಾರಣ. ಎರಡನೆಯ ಬಗೆಯವುಗಳಿಗೆ ಚಾವಟಿಯಂತಹ ಬಾಲವುಂಟು. ಕುದುರೆ, ಒಂಟೆ, ಎಮ್ಮೆಗಳಿಗೆ ಬರುವ ಸರ್ರಾ ಎಂಬ ಜ್ವರಕ್ಕೆ ಇಂತಹ ಒಂದು ಜೀವಿ ಕಾರಣವೆಂಬುದನ್ನು 1880ರಲ್ಲಿ ಗ್ರಿಫಿತ್ ಇವಾನ್ಸ್ ಎಂಬ ಪಶುವೈದ್ಯನು ಪಂಜಾಬಿನ ಗಡಿಯಲ್ಲಿದ್ದಾಗ ಕಂಡುಹಿಡಿದನು. ಕಚ್ಚುವ ದೊಡ್ಡ ನೊಣಗಳು ಅದನ್ನು ಒಂದು ಪ್ರಾಣಿಯಿಂದ ಇನ್ನೊಂದಕ್ಕೆ ಸಾಗಿಸುವುವು.

ಮೂರನೆಯ ಬಗೆಯವುಗಳ ಮೈಮೇಲೆಲ್ಲಾ ನವಿರಾದ ರೋಮಗಳಿರುವುವು. ಇವುಗಳನ್ನು ಕಾಣಬೇಕೆಂದರೆ ಹಿಡಿ ಒಣಹುಲ್ಲನ್ನು ಕೊಳದ ನೀರಿನಲ್ಲಿ ಹಾಕಿ ಒಂದು ವಾರ ಬಿಟ್ಟು, ಆ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಸಾಕು. ಪಾದರಕ್ಷೆಯ ಆಕಾರದ ಪ್ಯಾರಮೀಸಿಯಗಳು ತಿರುಗುತ್ತ ಓಡಾಡುವುದು ಕಾಣುವುದು. ಹಸು, ಎಮ್ಮೆ, ಕುರಿಗಳ ದೊಡ್ಡ ಹೊಟ್ಟೆಯಲ್ಲಿ ಈ ಬಗೆಯ ಜೀವಿಗಳು ಲಕ್ಷೋಪಲಕ್ಷವಾಗಿ ವಾಸಿಸುವುವು; ಆ ರಸದ ಒಂದು ಮಿಲಿಲೀಟರಿನಲ್ಲಿಯೇ ಲಕ್ಷದಿಂದ ಹತ್ತು ಲಕ್ಷದವರೆಗೂ ಇರುವುದುಂಟು. ಹುಲ್ಲನ್ನು ಕರಗಿಸುವುದರಲ್ಲಿ ಬ್ಯಾಕ್ಟೀರಿಯಗಳೊಡನೆ ಇವೂ ಪಾಲುಗೊಳ್ಳುವುವು. ಆದುದರಿಂದ ದನವನ್ನು ಸಾಕುವವನು ಅದರ ಹೊಟ್ಟೆಯೊಳಗಿನ ಈ ಹಿಂಡನ್ನೂ ಸಾಕುತ್ತಿದ್ದಾನೆ ಎನ್ನಬೇಕು. ಮೇವನ್ನು ಒಮ್ಮೆಗೇ ಬದಲಾಯಿಸಿ ಧಾನ್ಯವನ್ನು ಅತಿಯಾಗಿ ತಿನ್ನಿಸಿದರೆ ಹೊಟ್ಟೆ ಹುಳಿಯಾಗಿ ಮೊದಲು ಸಾಯುವವುಗಳಲ್ಲಿ ಇವೂ ಸೇರಿರುವುವು. ಮರದೊಳಗೆ ವಾಸಿಸುವ ಕೆಲವು ಗೆದ್ದಲುಗಳಿಗೆ ಮರವನ್ನು ಜೀರ್ಣಿಸಿಕೊಡುವುವೂ ಪ್ರೊಟಿಸ್ಟಗಳೇ. ನಮ್ಮ ಹೊಲಗಳಲ್ಲಿ ಹುತ್ತವನ್ನು ಕಟ್ಟುವ ಗೆದ್ದಲು ಆ ಜಾತಿಯದಲ್ಲ. ಅದು ಹುತ್ತದೊಳಗೆ ಬೂಷ್ಟನ್ನು ಬೆಳೆದು ಅದರಿಂದ ಜೀವಿಸತಕ್ಕದ್ದು.

ನಾಲ್ಕನೆಯ ಬಗೆಯವು ಇತರ ಪ್ರಾಣಿಗಳ ಕೋಶದೊಳಗೆ ನುಗ್ಗಿ ವಾಸಿಸುವ ಪರೋಪಜೀವಿಗಳು. ರೈತನಿಗೆ ಪ್ರೋಟೋಜೋವಗಳಿಂದ ಬರುವ ನಷ್ಟದ ಹೆಚ್ಚು ಪಾಲು ಇವುಗಳಿಂದಲೇ. ಒಂದು ಕಾಲದಲ್ಲಿ ಮಲೆನಾಡಿನ ಊರುಗಳನ್ನು ಬರಿದುಮಾಡುತ್ತಿದ್ದ ಚಳಿಜ್ವರದ ಜೀವಿ ಇದೇ ಪಂಗಡದ್ದು. ಅದನ್ನು ರೋಗಿಯ ರಕ್ತದಲ್ಲಿ 1880ರಲ್ಲಿ ಲಾವರಾನ್ ಕಂಡನು; ಸೊಳ್ಳೆಯ ಹೊಟ್ಟೆಯಲ್ಲಿ 1897ರಲ್ಲಿ ಸಿಕಂದರಾಬಾದಿನಲ್ಲಿ ರೊನಾಲ್ಡ್ ರಾಸ್ ಕಂಡನು. ಉಣುಗುಗಳು ದನಗಳಿಗೆ ಹರಡುವ ಥೈಲೇರಿಯ ಜ್ವರವೂ, ಮೂತ್ರವು ಕೆಂಪಾಗುವ ಬೆಬೀಸಿಯ ಜ್ವರವೂ ಈ ಪಂಗಡದ ಜೀವಿಗಳಿಂದಲೇ ಆಗುವುವು. ನಾಟಿ ದನಗಳು ಥೈಲೇರಿಯವನ್ನು ಬಹುಮಟ್ಟಿಗೆ ತಡೆದುಕೊಳ್ಳುವುವು. ವಿದೇಶದ ತಳಿಗಳೂ ಮಿಶ್ರತಳಿಗಳೂ ಅದಕ್ಕೆ ಬೇಗ ಬಲಿಯಾಗುವುವು. ಆದುದರಿಂದ ಮಿಶ್ರತಳಿಯ ಹಸುವನ್ನು ಕೊಂಡವನು ಮೇವಿನಷ್ಟೇ ಮುಖ್ಯವಾಗಿ ಕೊಟ್ಟಿಗೆಯ ಗೋಡೆಗಳ ಸಂದುಗಳಲ್ಲಿ ಅಡಗಿರುವ ಉಣುಗುಗಳ ಕಡೆಗೂ ಗಮನವನ್ನಿಡತಕ್ಕದ್ದು.

ಕೋಳಿಮರಿಗಳಿಗೆ ಮೂರರಿಂದ ಆರು ವಾರದ ವಯಸ್ಸಿನಲ್ಲಿ ರಕ್ತ ಬೆರೆತ ಭೇದಿಯಾಗುವುದೂ ಇಂತಹ ಜೀವಿಯಿಂದಲೇ. ರೋಗದ ಮರಿಯ ಹಿಕ್ಕೆಯೊಡನೆ ಹೊರಬಿದ್ದ ಗಟ್ಟಿಕವಚದ ಬೀಜಾಣುವು ಆ ಕ್ಷಣವೇ ಅಪಾಯಕಾರಿಯಲ್ಲ. ತೇವವೂ ಶಾಖವೂ ದೊರೆತರೆ ಒಂದೆರಡು ದಿನಗಳಲ್ಲಿ ಅದು ಪಕ್ವವಾಗಿ, ಆ ಬಳಿಕ ಅದನ್ನು ಕುಕ್ಕಿ ತಿಂದ ಮರಿಗೆ ರೋಗವನ್ನು ತರುವುದು. ಸಾಮಾನ್ಯವಾಗಿ ನೆಲವನ್ನು ತೊಳೆಯಲು ಬಳಸುವ ಮದ್ದುಗಳಲ್ಲಿ ಅನೇಕವು ಈ ಕವಚವನ್ನು ಭೇದಿಸಲಾರವು. ಹಾಸಿದ ಹೊಟ್ಟನ್ನು ಒಣಗಿರುವಂತೆ ನೋಡಿಕೊಂಡು, ನೀರಿನ ಬಟ್ಟಲುಗಳ ಸುತ್ತ ಕೆಸರಾಗದಂತೆ ಮಾಡುವುದೇ ಮೊದಲನೆಯ ಚಿಕಿತ್ಸೆ.

ರೇಷ್ಮೆಹುಳುವಿನ ಗಂಟುರೋಗವನ್ನೂ ಹಿಂದಿನ ಪುಸ್ತಕಗಳು ಈ ಪಂಗಡದಲ್ಲಿಯೇ ಸೇರಿಸುತ್ತಿದ್ದುವು. ಅದರ ಜೀವಿಯು ಬೂಷ್ಟುಗಳಿಗೆ ಬಹಳ ಹತ್ತಿರದ ಸಂಬಂಧಿಯೆಂದು ಈಗ ತಿಳಿದಿರುವುದರಿಂದ ಅದನ್ನು ಇಲ್ಲಿಂದ ತೆಗೆದಿರುವರು. ಕುಲ ಬದಲಾದರೂ ಉಪಾಯವು ಬದಲಾಗಲಿಲ್ಲ. 1865ರಲ್ಲಿ ಫ್ರಾನ್ಸಿನಲ್ಲಿ ಈ ಕೆಲಸಕ್ಕೆ ಕೈಹಾಕಿದ ಪಾಸ್ಚರ್ ಕಂಡುಕೊಂಡಂತೆ, ಮೊಟ್ಟೆಯಿಟ್ಟ ತಾಯಿಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಹೊಳೆಯುವ ಅಂಡಾಕಾರದ ಕಣಗಳು ಕಂಡುಬಂದರೆ ಅದರ ಮೊಟ್ಟೆಗಳನ್ನು ಸುಟ್ಟುಬಿಡುವುದೇ ಇಂದಿಗೂ ದಾರಿ. ಪರೀಕ್ಷೆಯಾಗದ ಮೊಟ್ಟೆಯನ್ನು ಅಗ್ಗಕ್ಕೆ ಕೊಳ್ಳುವವನು ಉಳಿಸಿದ ಕಾಸು ಸೊಪ್ಪಿನ ಖರ್ಚಿನಲ್ಲಿಯೇ ಹೋಗುವುದು.

ಸಸ್ಯಗಳನ್ನು ಹೋಲುವ ಪ್ರೊಟಿಸ್ಟಗಳನ್ನು ಕುರಿತು ಹೆಚ್ಚು ಹೇಳಬೇಕಾದುದಿಲ್ಲ. ಪಾಚಿಗಳಲ್ಲಿ ಅನೇಕವು ಇವುಗಳಲ್ಲಿ ಸೇರುವುವು. ಡಯಾಟಮ್ ಎಂಬುವುಗಳಿಗೆ ಗಾಜಿನಂತಹ ಮರಳುಸತ್ತ್ವದ ಚಿಪ್ಪುಂಟು. ಭೂಮಿಯ ಮೇಲೆ ಹುಟ್ಟುವ ಆಮ್ಲಜನಕದಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಇವೇ ಉಂಟುಮಾಡುವುವೆಂದು ಅಂದಾಜಿದೆ. ಕೆರೆಗಳಲ್ಲಿ ಮೀನುಮರಿಗಳ ಬೆಳವಣಿಗೆಯೆಲ್ಲ ಕಡೆಗೆ ಇಂತಹ ಪಾಚಿಗಳನ್ನೇ ಅವಲಂಬಿಸಿದೆ. ಯೂಗ್ಲೀನ ಎಂಬುದು ಬೆಳಕಿದ್ದಾಗ ಸಸ್ಯದಂತೆಯೂ ಕತ್ತಲೆಯಲ್ಲಿ ಪ್ರಾಣಿಯಂತೆಯೂ ಬದುಕಿ, ಪಂಡಿತರಿಗೆ ಬಹುಕಾಲ ತಲೆನೋವನ್ನು ತಂದಿತು. ಬತ್ತದ ಗದ್ದೆಯಲ್ಲಿ ಸಾರಜನಕವನ್ನು ಕೂಡಿಸುವ ನೀಲಿಹಸುರು ಪಾಚಿಯು ಹೆಸರಿನಿಂದ ಮಾತ್ರ ಪಾಚಿ. ಕೋಶಕೇಂದ್ರವಿಲ್ಲದುದರಿಂದ ಅದು ಬ್ಯಾಕ್ಟೀರಿಯಗಳ ಗುಂಪಿಗೆ ಸೇರತಕ್ಕದ್ದು.

ಇನ್ನುಳಿದವು ಬೂಷ್ಟನ್ನು ಹೋಲುವವು. ಇವುಗಳಲ್ಲಿ ಲೋಳೆಬೂಷ್ಟುಗಳೆಂಬವು ಮಳೆಗಾಲದಲ್ಲಿ ಕೊಳೆತ ಮರದ ಮೇಲೆಯೂ ತೋಟಕ್ಕೆ ಹಾಕಿದ ಸೊಪ್ಪಿನ ಮೇಲೆಯೂ ಹಳದಿಯಾಗಿಯೋ ಬಿಳಿಯಾಗಿಯೋ ಹರಡಿರುವುವು. ಅವು ಗಂಟೆಗೆ ಒಂದೆರಡು ಸೆಂಟಿಮೀಟರುಗಳಷ್ಟು ಸರಿಯಲೂ ಬಲ್ಲವು. ನೋಡಲು ಅಸಹ್ಯವಾದರೂ ಅವುಗಳಿಂದ ಬೆಳೆಗೆ ಕೇಡಿಲ್ಲ; ಮದ್ದು ಹೊಡೆಯುವ ಕಾರಣವೂ ಇಲ್ಲ.

ನೀರುಬೂಷ್ಟುಗಳ ಸಂಗತಿಯೇ ಬೇರೆ. ಸಸಿಮಡಿಗಳಲ್ಲಿ ಹೊಗೆಸೊಪ್ಪು, ಮೆಣಸಿನಕಾಯಿಗಳ ಎಳೆಸಸಿಗಳು ಬುಡದಲ್ಲಿ ಕೊಳೆತು ಮಲಗುವುದು, ಶುಂಠಿಯ ಗೆಡ್ಡೆ ಕೊಳೆಯುವುದು, ಜೋಳ, ಸಜ್ಜೆ, ಮುಸುಕಿನ ಜೋಳಗಳ ಕೇದಿಗೆ ರೋಗ, ಕರಿಮೆಣಸಿನ ಬಳ್ಳಿ ಇದ್ದಕ್ಕಿದ್ದಂತೆ ಸೊರಗಿ ಬೀಳುವುದು, ಆಲೂಗೆಡ್ಡೆಯ ಅಂಗಮಾರಿ ಇವೆಲ್ಲಕ್ಕೂ ಈ ಪಂಗಡದ ಜೀವಿಗಳೇ ಕಾರಣ. ಶುಂಠಿ ಮತ್ತು ಸಸಿಗಳ ಕೊಳೆಗೆ ಬೇರೆ ಜೀವಿಗಳೂ ಕೈಜೋಡಿಸುವುದುಂಟು. ಇವು ಎಂತಹ ನಾಶವನ್ನು ಮಾಡಬಲ್ಲವೆಂಬುದಕ್ಕೆ ಐರ್ಲೆಂಡ್ ದೇಶವು ಸಾಕ್ಷಿ. ಅಲ್ಲಿನ ಬಡವರು ಆಲೂಗೆಡ್ಡೆಯೊಂದನ್ನೇ ನಂಬಿದ್ದರು. 1845ರಲ್ಲಿ ಅಂಗಮಾರಿಯು ಹೊಲಗಳನ್ನು ಹೊಕ್ಕಿತು. ಅನಂತರದ ಕೆಲವು ವರ್ಷಗಳ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನರು ಸತ್ತರು. ಅಷ್ಟೇ ಜನ ಅಥವಾ ಅದಕ್ಕೂ ಹೆಚ್ಚು ಜನ ದೇಶವನ್ನು ಬಿಟ್ಟುಹೋದರು. ರೋಗದ ಜೊತೆಗೆ ಆಡಳಿತದ ನಿರ್ದಯೆಯೂ ಸೇರಿತ್ತೆಂಬುದನ್ನು ಮರೆಯಬಾರದು. ಜರ್ಮನಿಯ ಡಿ ಬಾರಿ ಎಂಬಾತನು 1876ರಲ್ಲಿ ಆ ಜೀವಿಗೆ ಫೈಟಾಫ್ತೊರ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ ಸಸ್ಯನಾಶಕವೆಂದು ಅರ್ಥ.

ಅಡಕೆಯ ಕೊಳೆರೋಗವೂ ಫೈಟಾಫ್ತೊರದಿಂದಲೇ ಆಗತಕ್ಕದ್ದೆಂದು ಸ್ಥಾಪಿಸಿದವರು ಆಗಿನ ಮೈಸೂರು ಸಂಸ್ಥಾನದ ಸೇವೆಗೆ ಕೆನಡದಿಂದ ಬಂದಿದ್ದ ಲೆಸ್ಲಿ ಕೋಲ್ಮನ್ ಅವರು. ಮಲೆನಾಡಿನ ತೋಟಗಳಲ್ಲಿ ನಡೆಸಿದ ಪರಿಶೋಧನೆಯನ್ನು ಅವರು 1910ರಲ್ಲಿ ವ್ಯವಸಾಯ ಇಲಾಖೆಯ ಮೂಲಕ ಪ್ರಕಟಿಸಿದರು. ಅವರು ಕೊಟ್ಟ ಜಾತಿಯ ಹೆಸರು ಬಳಿಕ ಒಂದಕ್ಕಿಂತ ಹೆಚ್ಚು ಸಾರಿ ಬದಲಾಗಿದೆ. ಅವರು ಹೇಳಿದ ಚಿಕಿತ್ಸೆ ಮಾತ್ರ ಇಂದಿಗೂ ತೋಟಗಳಲ್ಲಿ ನಡೆಯುತ್ತಿದೆ.

ಈ ಜೀವಿಯ ಬಾಳನ್ನು ಸ್ವಲ್ಪ ವಿವರವಾಗಿ ತಿಳಿದುಕೊಂಡರೆ ಚಿಕಿತ್ಸೆಯ ಪ್ರತಿಯೊಂದು ಅಂಶಕ್ಕೂ ಕಾರಣವು ತಾನಾಗಿ ಹೊಳೆಯುವುದು. ಉದುರಿದ ಕಾಯಿಯ ಮೇಲೆ ಬೆಳ್ಳಗೆ ಹತ್ತಿಯಂತೆ ಕಾಣುವುದು ಅದರ ಎಳೆಗಳು. ಈ ಎಳೆಗಳ ತುದಿಯಲ್ಲಿ ನಿಂಬೆಹಣ್ಣಿನ ಆಕಾರದ ಚಿಕ್ಕ ಚೀಲಗಳು ಹುಟ್ಟುವುವು. ಒಂದೊಂದರ ಉದ್ದವು ಸುಮಾರು ಒಂದು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲು. ಗಾಳಿಮಳೆಯಲ್ಲಿ ಹನಿಗಳೊಡನೆ ಸಿಡಿದು ಇವು ಒಂದು ಗೊನೆಯಿಂದ ಇನ್ನೊಂದಕ್ಕೆ ಹೋಗುವುವು. ಕಾಯಿಯ ಮೇಲೆ ನಿಂತ ನೀರಿನಲ್ಲಿ ಚೀಲದ ಬಾಯಿ ತೆರೆದು ಅನೇಕ ಈಜುಬೀಜಗಳು ಹೊರಬರುವುವು. ಪ್ರತಿಯೊಂದಕ್ಕೂ ಎರಡು ಬಾಲಗಳುಂಟು. ಅವುಗಳ ಸಹಾಯದಿಂದ ಅದು ಮೀನಿನಂತೆ ಈಜಿ, ತಕ್ಕ ಸ್ಥಳವನ್ನು ಸೇರಿ, ಬಾಲಗಳನ್ನು ಕಳಚಿ, ಗುಂಡಗಾಗಿ, ಮೊಳೆತು ಕಾಯಿಯೊಳಕ್ಕೆ ನುಗ್ಗುವುದು. ನಿಜವಾದ ಬೂಷ್ಟುಗಳಲ್ಲಿ ಬೆಳೆಗಳಿಗೆ ರೋಗ ತರುವ ಬಹುತೇಕ ಜಾತಿಗಳಿಗೆ ಈ ಈಜುವ ಅವಸ್ಥೆಯೇ ಇಲ್ಲ. ಕೊಳೆರೋಗವು ಮಳೆ ಬಿಡದೆ ಹಿಡಿದ ವರ್ಷಗಳಲ್ಲಿ, ಅದರಲ್ಲಿಯೂ ನಡುನಡುವೆ ಬಿಸಿಲು ಇಣಿಕಿದಾಗ ಉಲ್ಬಣಿಸುವುದೂ, ಮಳೆ ಕಡಿಮೆಯಾದ ವರ್ಷ ಸುಮ್ಮನಿರುವುದೂ ಇದರಿಂದಲೇ.

ಮಲೆನಾಡಿನ ಹಿರಿಯರು ಸೂಕ್ಷ್ಮದರ್ಶಕವನ್ನು ಕಂಡವರಲ್ಲ. ಆದರೂ ಕರಡದ ಹುಲ್ಲಿನಿಂದ ಕೊಟ್ಟೆಗಳನ್ನು ಹೆಣೆದು, ಮಳೆಗೆ ಮುಂಚೆ ಗೊನೆಗಳಿಗೆ ಕಟ್ಟಿಸುತ್ತಿದ್ದರು. ಹನಿ ತಾಗದ ಕಾಯಿಯ ಮೇಲೆ ಈಜುವುದಕ್ಕೆ ನೀರಿಲ್ಲ, ರೋಗವೂ ಇಲ್ಲ. ಕೊಟ್ಟೆಯ ಕ್ರಮದಲ್ಲಿ ತಪ್ಪೇನೂ ಇರಲಿಲ್ಲ. ಮರಮರಕ್ಕೂ ಹತ್ತಿ ಕಟ್ಟುವ ಕೂಲಿಯೇ ಅದರ ತೊಡಕು. ಹುಲ್ಲಿಗೆ ಬದಲಾಗಿ ಪ್ಲಾಸ್ಟಿಕ್ ಹಾಳೆಯ ಕೊಟ್ಟೆಗಳನ್ನು ಕಟ್ಟುವ ತೋಟಗಾರರು ಈಗಲೂ ಇದ್ದಾರೆ.

ಎರಡನೆಯ ದಾರಿ ಬೋರ್ಡೋ ದ್ರಾವಣ. ಫ್ರಾನ್ಸಿನ ಮಿಲಾರ್ಡೆ ಎಂಬ ಪಂಡಿತನು ದ್ರಾಕ್ಷಿಯ ಬೂಜುತುಪ್ಪಟಕ್ಕೆಂದು 1885ರಲ್ಲಿ ಪ್ರಕಟಿಸಿದ ಮದ್ದು ಇದು. ಕಾಯಿಯ ಮೇಲೆ ತೆಳ್ಳಗೆ ಅಂಟಿಕೊಂಡ ತಾಮ್ರದ ಅಂಶವು ಮಳೆಯ ನೀರಿನಲ್ಲಿ ಸ್ವಲ್ಪಸ್ವಲ್ಪವಾಗಿ ಕರಗಿ, ಈಜುಬೀಜವನ್ನು ಅದು ಮೊಳೆಯುವುದಕ್ಕೆ ಮೊದಲೇ ಕೊಲ್ಲುವುದು. ಒಳಹೊಕ್ಕ ಎಳೆಯನ್ನು ಅದು ಮುಟ್ಟಲಾರದು. ಕಾಯಿ ಉದುರತೊಡಗಿದ ಮೇಲೆ ಕೊನೆಗಾರನನ್ನು ಹುಡುಕಿಕೊಂಡು ಓಡುವವನು ತನ್ನ ತೋಟದ ಆರೋಗ್ಯವಂತ ಗೊನೆಗಳನ್ನು ಮಾತ್ರ ಉಳಿಸಿಕೊಳ್ಳಬಲ್ಲನು. ಮೊದಲನೆಯ ಸಿಂಪಡಿಕೆಯು ಮೇ ತಿಂಗಳ ಕೊನೆಯಲ್ಲಿ ಅಥವಾ ಜೂನ್ ಮೊದಲಲ್ಲಿ, ಮಳೆ ಹಿಡಿಯುವುದಕ್ಕೆ ಮುಂಚೆ ಮುಗಿದಿರತಕ್ಕದ್ದು; ಎರಡನೆಯದು ಅದಾದ 40ರಿಂದ 45 ದಿನಗಳಲ್ಲಿ, ಮಳೆ ಬಿಡುವು ಕೊಟ್ಟ ದಿನವನ್ನು ನೋಡಿಕೊಂಡು ಆಗತಕ್ಕದ್ದು. ಮಳೆ ಮುಂದುವರಿದರೆ ಮೂರನೆಯದೂ ಬೇಕಾಗುವುದು.

ಅಂಗಡಿಯಲ್ಲಿ ದೊರೆಯುವ ಮದ್ದುಗಳ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ಬೂಷ್ಟುನಾಶಕವೆಂಬ ಚೀಟಿ ಇದ್ದ ಮಾತ್ರಕ್ಕೆ ಅದು ಕೊಳೆರೋಗಕ್ಕೆ ಆಗುವುದೆಂದು ತಿಳಿಯಬಾರದು. ನಿಜವಾದ ಬೂಷ್ಟಿನ ಕೋಶದ ಗೋಡೆ ಕೈಟಿನ್ ಎಂಬ ವಸ್ತುವಿನದು. ನೀರುಬೂಷ್ಟಿನದು ಮುಖ್ಯವಾಗಿ ಗ್ಲೂಕನ್ ಮತ್ತು ಸೆಲ್ಯುಲೋಸಿನದು. ಹೆಕ್ಸಕೊನಜೋಲ್ ಮೊದಲಾದ ಮದ್ದುಗಳು ಬೂಷ್ಟು ತನ್ನೊಳಗೆ ತಯಾರಿಸಿಕೊಳ್ಳುವ ಒಂದು ಕೊಬ್ಬಿನ ಜಾತಿಯ ವಸ್ತುವಿಗೆ ಅಡ್ಡಿಮಾಡಿ ಅದನ್ನು ಕೊಲ್ಲುವುವು. ಫೈಟಾಫ್ತೊರವು ಆ ವಸ್ತುವನ್ನು ತಯಾರಿಸುವುದೇ ಇಲ್ಲ. ಇಲ್ಲದ ಕೆಲಸಕ್ಕೆ ಅಡ್ಡಿಮಾಡಿ ಫಲವೇನು? ಕಾರ್ಬೆಂಡಜಿಮ್ ಸಹ ಇದರ ಮೇಲೆ ನಾಟುವುದಿಲ್ಲ. ಮೆಟಲಾಕ್ಸಿಲ್ ಎಂಬುದು ನೀರುಬೂಷ್ಟುಗಳಿಗೆಂದೇ ಇರುವ ಮದ್ದು. ಅದೊಂದನ್ನೇ ಪದೇಪದೇ ಬಳಸಿದರೆ ಜೀವಿಯು ಅದಕ್ಕೆ ಒಗ್ಗಿಕೊಳ್ಳುವುದರಿಂದ ಬೇರೆ ಮದ್ದಿನೊಡನೆ ಬೆರಸಿದುದನ್ನು, ತಜ್ಞರು ಹೇಳಿದಾಗ ಮಾತ್ರ ಉಪಯೋಗಿಸತಕ್ಕದ್ದು.

ಬೋರ್ಡೋ ದ್ರಾವಣವನ್ನು ತಯಾರಿಸುವ ಕ್ರಮವು ಹೀಗೆ. ಶೇಕಡಾ 1ರ ದ್ರಾವಣಕ್ಕೆ 1 ಕಿಲೋಗ್ರಾಂ ಮೈಲುತುತ್ತ, 1 ಕಿಲೋಗ್ರಾಂ ಒಳ್ಳೆಯ ಸುಟ್ಟ ಸುಣ್ಣ, 100 ಲೀಟರ್ ನೀರು ಬೇಕು. ಮೈಲುತುತ್ತವನ್ನು ಪುಡಿಮಾಡಿ 50 ಲೀಟರ್ ನೀರಿನಲ್ಲಿ ಕರಗಿಸತಕ್ಕದ್ದು. ಈ ಕೆಲಸಕ್ಕೆ ಮಣ್ಣಿನ, ಮರದ ಅಥವಾ ಪ್ಲಾಸ್ಟಿಕ್ಕಿನ ಪಾತ್ರೆಯಾಗಬೇಕು, ಕಬ್ಬಿಣದ್ದು ಕೂಡದು. ಸುಣ್ಣವನ್ನು ಬೇರೆಯಾಗಿ ಅರಳಿಸಿ, ಉಳಿದ 50 ಲೀಟರ್ ನೀರಿನಲ್ಲಿ ಕಲಸಿ ಶೋಧಿಸಿಕೊಳ್ಳತಕ್ಕದ್ದು. ಬಳಿಕ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹುಯ್ಯುತ್ತ, ಬಿಡದೆ ಕದಡುತ್ತಿರಬೇಕು. ಸುಣ್ಣದ ನೀರನ್ನು ಮೈಲುತುತ್ತಕ್ಕೆ ಹುಯ್ಯಬಾರದು. ತಯಾರಾದ ದ್ರಾವಣದಲ್ಲಿ ತಿಕ್ಕಿ ಹೊಳಪಿಸಿದ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದರೆ ಅಲಗು ಹಾಗೆಯೇ ಬೆಳ್ಳಗಿರಬೇಕು. ಅಲಗಿನ ಮೇಲೆ ತಾಮ್ರದ ಕೆಂಪು ಕಂಡುಬಂದರೆ ಸುಣ್ಣವು ಸಾಲದೆಂದು ತಿಳಿದು ಇನ್ನಷ್ಟು ಸುಣ್ಣದ ನೀರನ್ನು ಸೇರಿಸತಕ್ಕದ್ದು. ಇಲ್ಲವಾದರೆ ಎಳೆಗಾಯಿ ಸುಡುವುದು. ದ್ರಾವಣವನ್ನು ಆ ದಿನವೇ ಹೊಡೆದು ಮುಗಿಸಬೇಕು. ಮಳೆಗೆ ತೊಳೆದುಹೋಗದಂತೆ ರಾಳ ಮತ್ತು ಸೋಡದ ಅಂಟನ್ನು ಸೇರಿಸುವುದು ಒಳ್ಳೆಯದು.

ಮರದ ಬುಡದಲ್ಲಿ ಉದುರಿದ ಕಾಯಿಗಳನ್ನು ದಿನದಿನವೂ ಆರಿಸಿ ತೋಟದಿಂದ ಹೊರಗೆ ಸಾಗಿಸತಕ್ಕದ್ದು. ರೋಗವು ಸುಳಿಗೆ ಇಳಿದು ಸತ್ತ ಮರಗಳ ತಲೆಗಳನ್ನೂ, ಕೊಯ್ಲಿನ ಅನಂತರ ಮರದ ಮೇಲೆಯೇ ಒಣಗಿ ನಿಂತ ರೋಗದ ಗೊನೆಗಳನ್ನೂ ಬೇಸಗೆಯಲ್ಲಿ ಕಡಿಸಿ ಸುಡಿಸಬೇಕು. ಮುಂದಿನ ಮಳೆಗಾಲದ ರೋಗವು ಹೊರಡುವುದು ಬಹುಮಟ್ಟಿಗೆ ಅಲ್ಲಿಂದಲೇ. ಒಬ್ಬನು ತನ್ನ ತೋಟವನ್ನು ಶುದ್ಧಿಮಾಡಿ, ಪಕ್ಕದವನು ಸುಮ್ಮನಿದ್ದರೆ ಗಾಳಿಮಳೆಗೆ ಬೇಲಿಯ ಲೆಕ್ಕವಿಲ್ಲ. ಆದುದರಿಂದ ಒಂದು ಬಯಲಿನ ತೋಟಗಾರರೆಲ್ಲರೂ ಕೂಡಿ ಒಂದೇ ವಾರದಲ್ಲಿ ಈ ಕೆಲಸವನ್ನು ಮುಗಿಸತಕ್ಕದ್ದು.